ನಿಂಗತ್ತೆಯ ಅಂಡೆಯೊಳಗಿನ ದಾವೆ

ಮೊನ್ನೆ ನನ್ನ ಜೊತೆ ಕೋರ್ಟಿನಲ್ಲಿ ಕೆಲಸ ಮಾಡಿ, ನನ್ನ ಹಾಗೇ ರಿಟೈರ್ ಆಗಿರುವ ಗೆಳತಿಯೊಬ್ಬಳು ಮೊಬೈಲಿಗೆ ಒಂದು ವಿಡಿಯೋ ಕಳಿಸಿದಳು. ಅವಳು ಕಳಿಸುವುದೆಲ್ಲ ಸಾಮಾನ್ಯವಾಗಿ ಮಂಡಿನೋವಿನ ಮದ್ದು, ಇಲ್ಲವೇ ಮದುವೆಮನೆಯಲ್ಲಿ ಕುಣಿಯಲು ಹೋಗಿ ಬಿದ್ದವರು. ಇದು ಹಾಗಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಹಳೇ ಕಾಗದಪತ್ರ ಕಾಪಾಡುವ ದೊಡ್ಡ ಕಟ್ಟಡವಂತೆ. ಮನೆತನಗಳ ಪತ್ರ, ಕೋರ್ಟಿನ ಕಡತ, ಆಸ್ತಿಯ ಕರಾರು, ಎಲ್ಲ ನೂರಾರು ವರ್ಷದ್ದು. ಬಿಳೀ ಕೂದಲಿನ ಹೆಂಗಸೊಬ್ಬಳು ಕೈ ತೊಳೆದು, ಒರೆಸಿಕೊಂಡು, ಒಂದು ಕಟ್ಟು ತಂದು ದಿಂಬಿನ ಮೇಲಿಟ್ಟಳು. ದಿಂಬು ಕಣ್ರೀ, ಸುಳ್ಳಲ್ಲ. ಹಾಳೆ ಮಡಚಿಕೊಳ್ಳದ ಹಾಗೆ ಅದರ ಮೇಲೊಂದು ಹಗ್ಗದಂಥ ಭಾರ ಇಟ್ಟು, ಎಳೇ ಮಗುವಿನ ಬಟ್ಟೆ ಬಿಚ್ಚುವ ಹಾಗೆ ಬಿಡಿಸಿದಳು. ಅಡಿಯಲ್ಲಿ ಬರುತ್ತಿದ್ದ ಇಂಗ್ಲಿಷನ್ನು ಮಗಳು ಓದಿ ಹೇಳಿದಳು. ಯಾರದೋ ಹಸು ಯಾರದೋ ಬೇಲಿ ಹಾರಿ ಫಸಲು ಮೇಯ್ದದ್ದಕ್ಕೆ ಹಾಕಿದ್ದ ದಾವೆಯಂತೆ ಅದು.

"ನೋಡಮ್ಮ, ಒಂದು ಹಸೂನ ಕೇಸನ್ನೂ ಹೆಂಗೆ ಇಟ್ಕೊಂಡವ್ರೆ. ನಮ್ಮೋರಿಗೆ ಇದೆಲ್ಲ ಎಲ್ಲಿ ಬರಬೇಕು" ಅಂದಳು ಮಗಳು.

ನನಗೆ ಸಿಟ್ಟು ನೆತ್ತಿಗೇರಿತು. ಹಸುವಿನ ಮೇಲಲ್ಲ, ಮಗಳ ಮೇಲೆ. "ನಮ್ಮ ನಿಂಗತ್ತೆ ಮುಂದೆ ಇವಳ್ಯಾವ ಲೆಕ್ಕ ಹೋಗೇ" ಅಂದುಬಿಟ್ಟೆ. ಅಂದ ಮೇಲೆ ವಿವರಿಸಬೇಕಾಯಿತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ. ಈ ವಿಷಯದಲ್ಲಿ ನನಗೆ ಜಂಬ ಇರುವುದು ನಿಜ.

ನಿಂಗತ್ತೆ ನಮ್ಮಪ್ಪನ ಅಕ್ಕ. ಕವಲಂದೆ ಪಕ್ಕದ ನಮ್ಮೂರಲ್ಲೇ ಹುಟ್ಟಿ, ನಮ್ಮ ಕೇರಿಯಲ್ಲೇ ಮೂರು ಮನೆ ಆಚೆಗೆ ಮದುವೆಯಾಗಿ, ಈಗಲೂ ಅಲ್ಲೇ ಇದ್ದಾಳೆ. ಎಂಬತ್ತು ದಾಟಿರಬೇಕು, ಅವಳನ್ನು ಕೇಳಿದರೆ ಅರವತ್ತಕ್ಕೇ ನಿಲ್ಲಿಸುತ್ತಾಳೆ. ಓದು ಬರಹ ಇಲ್ಲ. ಆದರೆ ನಮ್ಮ ವಂಶಕ್ಕೆಲ್ಲ ಇರುವ ಒಂದೇ ಒಂದು ಹಳೇ ಕಾಗದ ಅವಳ ವಶದಲ್ಲಿತ್ತು. ಅವಳ ಅಜ್ಜ, ಅಂದರೆ ನನ್ನ ಮುತ್ತಜ್ಜ ಕೆಂಪಯ್ಯ, ಮಹಾರಾಜರ ಕಾಲದಲ್ಲಿ ನಂಜನಗೂಡಿನ ಕೋರ್ಟಿನಲ್ಲಿ ಒಂದು ದಾವೆ ಹಾಕಿದ್ದ. ಊರಿನ ಮುಂದಿನ ಬಾವಿ ತೋಡಿದ್ದು ನಮ್ಮ ಕೇರಿಯವರು. ನೀರು ಬಿದ್ದ ಮೇಲೆ ಅದರ ಹತ್ತಿರ ಬರಕೂಡದು ಎಂದು ಅಟ್ಟಿದ್ದು ಊರಿನವರು. ನಮಗೂ ಸೇದಲು ಹಕ್ಕು ಕೊಡಿಸಿ ಅಂತ ಕೆಂಪಯ್ಯ ಕೋರ್ಟಿಗೆ ಹೋದ. ಆ ದಾವೆಯ ನಕಲು ಒಂದು ಬಿದಿರಿನ ಅಂಡೆಯೊಳಗೆ ಸುರುಳಿಯಾಗಿ ಕೂತಿತ್ತು. ಅಂಡೆ ಅಂದರೆ ಬಿದಿರಿನ ಒಂದು ಗೆಣ್ಣು, ಬಾಯಿಗೆ ಮರದ ಬಿರಡೆ. ಹಿಂದೆ ದನಗಳಿಗೆ ಔಷಧಿ ಕುಡಿಸುತ್ತಿದ್ದದ್ದು ಅದರಲ್ಲೇ.

ಅಂಡೆ ನೇತಾಡುತ್ತಿದ್ದದ್ದು ಒಲೆಯ ಮೇಲೆ. ಹೊಗೆ ತಗುಲಿದರೆ ಹುಳ ಮುಟ್ಟುವುದಿಲ್ಲ ಅಂತ. ನಾನು ಚಿಕ್ಕವಳಿದ್ದಾಗ ಅದು ಕರ್ರಗೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅದರ ಕೆಳಗೆ ಕೂತು ರಾಗಿಮುದ್ದೆ ನುಂಗುವಾಗ ಮೇಲಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸಿ ಹೆಚ್ಚು ಸಾರು ಕೇಳಲು ಹೆದರುತ್ತಿದ್ದೆ. ಆಮೇಲೆ ಕಾಲ ಬದಲಾಯಿತು, ಅತ್ತೆಯ ಮನೆಗೆ ಗ್ಯಾಸ್ ಬಂತು. ಎಲ್ಲರೂ ಖುಷಿಪಟ್ಟರೆ ಇವಳಿಗೆ ಚಿಂತೆ ಹತ್ತಿತು. ಕಾಗದಕ್ಕೆ ಹೊಗೆ ಎಲ್ಲಿಂದ ತರುವುದು? ಕೊನೆಗೆ ಹಿತ್ತಲಲ್ಲಿ ಒಂದು ಚಪ್ಪರ ಹಾಕಿಸಿ, ಮೂರು ಕಲ್ಲಿಟ್ಟು, ವಾರಕ್ಕೊಮ್ಮೆ ಸೌದೆ ಒಲೆ ಹಚ್ಚತೊಡಗಿದಳು. ಮನುಷ್ಯರಿಗೆ ಗ್ಯಾಸಿನ ಅಡಿಗೆ, ಕಾಗದಕ್ಕೆ ಸೌದೆ ಹೊಗೆ. ಸೊಸೆ ಗೊಣಗಿದರೆ "ನಿನ್ ಹೊಟ್ಟೆ ನಾಳಿಕೂ ತುಂಬ್ತದೆ, ಅದು ಹುಳ ತಿಂದೋದ್ರೆ ಯಾರ್ ಬರ್ದುಕೊಟ್ಟಾರು?" ಅನ್ನುತ್ತಿದ್ದಳು. ಹೇಳಿ ಈಗ, ಆ ಸ್ಕಾಟ್ಲೆಂಡಿನವಳು ಆ ಹಸುವಿನ ಕೇಸಿಗೋಸ್ಕರ ಹೊಗೆಯಲ್ಲಿ ಕೂತು ಕಣ್ಣು ಉಜ್ಜಿಕೊಂಡಿದ್ದಾಳಾ?

ವರ್ಷಕ್ಕೊಂದು ಸಲ ಕಾಗದ ಹೊರಗೆ ಬರುತ್ತಿತ್ತು. ಮೊದಲೆಲ್ಲ ಮಾರ್ನಾಮಿಯ ಆಯುಧಪೂಜೆಯ ದಿನ. ಕುಡುಗೋಲು, ಗುದ್ದಲಿ, ಕೊಡಲಿ, ಅವುಗಳ ಪಕ್ಕದಲ್ಲಿ ಕಾಗದ. ಅತ್ತೆಯ ಪ್ರಕಾರ ಅದೂ ಒಂದು ಆಯುಧವೇ. ಕೇರಿಯವರೆಲ್ಲ ಬುದ್ಧನ ದಾರಿ ಹಿಡಿದ ಮೇಲೆ ಬುದ್ಧ ಪೂರ್ಣಿಮೆಗೆ ಬದಲಾಯಿತು. ಹುಡುಗರು ಅರಿಸಿನ ಕುಂಕುಮ ಬೇಡ, ಮೇಣದಬತ್ತಿ ಸಾಕು ಅಂದರು. ಅತ್ತೆ ಮೇಣದಬತ್ತಿಗೆ ಬೇಡ ಅನ್ನಲಿಲ್ಲ, ಕುಂಕುಮವನ್ನೂ ಬಿಡಲಿಲ್ಲ. ಸುರುಳಿಯ ಕೊನೆಯ ಹಾಳೆಯನ್ನಷ್ಟೇ ಒಂದು ಗೇಣು ಬಿಚ್ಚಿ, ಅಲ್ಲಿದ್ದ ಕೋರ್ಟಿನ ಮೊಹರಿನ ಮೇಲೆ ಬೆರಳಲ್ಲಿ ಕುಂಕುಮ ಒತ್ತುತ್ತಿದ್ದಳು. ಅದಕ್ಕಿಂತ ಹೆಚ್ಚು ಬಿಚ್ಚಲು ಬಿಡುತ್ತಿರಲಿಲ್ಲ. "ನೋಡುದ್ರೆ ಸವೀತದೆ ಕಣವ್ವ" ಅನ್ನುತ್ತಿದ್ದಳು.

ಆ ಹೊತ್ತಿಗೆ ಕತೆಯೂ ಆಗಬೇಕು. ಕೆಂಪಯ್ಯ ಕಂಬಳಿ ಹೊದ್ದು ನಡಕೊಂಡು ನಂಜನಗೂಡಿಗೆ ಹೋಗಿದ್ದು, ಕಪಿಲೆಯಲ್ಲಿ ಕೈಕಾಲು ತೊಳೆದು ಕೋರ್ಟು ಹತ್ತಿದ್ದು, ದಾವೆ ಗೆದ್ದುಕೊಂಡು ಬಂದದ್ದು. ಗೆದ್ದರೆ ಆ ಬಾವಿಯ ನೀರು ನಾವು ಯಾಕೆ ಕುಡಿಯಲಿಲ್ಲ ಅಂತ ನಾನು ಒಂದು ಸಲ ಕೇಳಿದ್ದೆ. ನಮ್ಮ ಕೇರಿಗೆ ಬೇರೆ ಬಾವಿ ಆದದ್ದು ಕೆಂಪಯ್ಯ ಸತ್ತು ಎಷ್ಟೋ ಕಾಲದ ಮೇಲೆ. ಅತ್ತೆ ಒಂದು ಕ್ಷಣವೂ ತಡವರಿಸಲಿಲ್ಲ. "ಗೆದ್ಮೇಲೆ ಕುಡೀನಿಲ್ಲ ನಮ್ಮಜ್ಜ. ಅಕ್ಕು ನಂದು, ನೀರು ನೀವೇ ಕುಡ್ಕಳಿ ಅಂದ." ಎಂಥ ಸ್ವಾಭಿಮಾನ ಅಂತ ನಾನು ರೋಮಾಂಚನಗೊಂಡಿದ್ದೆ. ಸ್ಕೂಲಿನಲ್ಲಿ ಬಾಯಾರಿದರೂ ನಲ್ಲಿಯಲ್ಲಿ ನೀರು ಕುಡಿಯದೆ ಎರಡು ದಿನ ಕೆಂಪಯ್ಯನ ಹಾಗೆ ಇರಲು ನೋಡಿದೆ. ಮೂರನೇ ದಿನ ಗಣಿತದ ಪಿರಿಯಡ್ಡಿನಲ್ಲಿ ತಲೆಸುತ್ತು ಬಂತು.

ಇಷ್ಟು ಹೇಳಿದ ಮೇಲೆ ನನ್ನ ಬಗ್ಗೆಯೂ ಹೇಳಬೇಕು. ನಾನು ಕೆಲಸ ಮಾಡಿದ್ದು ಕೋರ್ಟಿನ ನಕಲು ವಿಭಾಗದಲ್ಲಿ. ಕೊನೆಯ ವರ್ಷಗಳು ತಿರುಮಕೂಡಲಿನಲ್ಲಿ, ಅಂದರೆ ನಮ್ಮ ಟಿ. ನರಸೀಪುರದಲ್ಲಿ. ಈಗಲೂ ವಾಸ ಅಲ್ಲೇ. ತೀರ್ಪು, ಹೇಳಿಕೆ, ಕ್ರಯಪತ್ರ, ಯಾರಿಗೆ ಯಾವುದರ ನಕಲು ಬೇಕೋ ಅದನ್ನು ಅಕ್ಷರ ತಪ್ಪದೆ ಬರೆದು ಕೊಡುವುದು. ಆಮೇಲೆ ಟೈಪು, ಆಮೇಲೆ ಕಂಪ್ಯೂಟರು. ಬರೆದಾದ ಮೇಲೆ ಒಬ್ಬರು ಅಸಲು ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ನಕಲಿನ ಮೇಲೆ ಬೆರಳಾಡಿಸುವುದು. ಅದಕ್ಕೆ ತಾಳೆ ನೋಡುವುದು ಅನ್ನುತ್ತೇವೆ. ಎಷ್ಟು ಸಂಸಾರಗಳ ಜಗಳವನ್ನು ನಾನು ಗಟ್ಟಿಯಾಗಿ ಓದಿದ್ದೇನೋ ಲೆಕ್ಕವಿಲ್ಲ. ಅದರ ಗುಂಗು ಮನೆಗೂ ಬರುತ್ತಿತ್ತು. ಒಮ್ಮೆ ನಮ್ಮೆಜಮಾನರಿಗೆ "ಸದರಿ ಸಾರಿಗೆ ಉಪ್ಪು ಸಾಲದೆ ಇದ್ದರೆ ಮೇಲ್ಕಂಡ ಡಬ್ಬಿಯಿಂದ ಹಾಕಿಕೊಳ್ಳತಕ್ಕದ್ದು" ಅಂದೆನಂತೆ. ಅವರು ಈಗಲೂ ನೆಂಟರ ಮುಂದೆ ಅದನ್ನು ಹೇಳಿ ನಗಿಸುತ್ತಾರೆ. ಹಳೇ ಕಾಲದ ಕೂಡುಬರಹ, ಪಾರಸಿ ಪದಗಳು, ಉಸಿರು ಬಿಡದ ವಾಕ್ಯಗಳು, ಎಲ್ಲ ನನಗೆ ನೀರು ಕುಡಿದ ಹಾಗೆ. ಆದರೂ ನಮ್ಮ ಮನೆಯ ಒಂದೇ ಒಂದು ದಾವೆಯನ್ನು ಮಾತ್ರ ಓದಲು ಅಪ್ಪಣೆ ಇರಲಿಲ್ಲ.

ಅಪ್ಪಣೆ ಸಿಕ್ಕಿದ್ದು ಒಂದು ಕಲ್ಲಿನಿಂದ. ನಮ್ಮ ಕೇರಿಯಲ್ಲಿ ಸಮುದಾಯ ಭವನ ಕಟ್ಟಿ ಮುಗಿಯಿತು. ನಿಂಗತ್ತೆಯ ಮಗ ಶಿವಮಲ್ಲು ಆರೋಗ್ಯ ಇಲಾಖೆಯಲ್ಲಿ ನೌಕರಿಯಲ್ಲಿದ್ದಾನೆ. ಭವನದ ಓಡಾಟವೆಲ್ಲ ಅವನದೇ. ಬಾಗಿಲ ಪಕ್ಕದ ಗೋಡೆಗೆ ಒಂದು ಕರಿಕಲ್ಲು ಹಾಕಿಸಿ, ಬಾವಿಯ ದಾವೆ ಗೆದ್ದ ಕೆಂಪಯ್ಯನ ಹೆಸರು ಕೆತ್ತಿಸಬೇಕು, ಪರದೆ ಸರಿಸುವುದು ನಿಂಗತ್ತೆಯೇ ಆಗಬೇಕು ಅಂತ ಕೇರಿಯೆಲ್ಲ ಒಪ್ಪಿತು. ಅತ್ತೆ ಆಗಲೇ ನಂಜನಗೂಡಿಗೆ ಹೋಗಿ ಸೀರೆ ತಂದಿದ್ದಳು. ಕಲ್ಲು ಕೆತ್ತುವವನು ಬರೆಯಬೇಕಾದ್ದನ್ನು ಸರಿಯಾಗಿ ಬರೆದು ಕೊಡಿ ಅಂದ. ಯಾವ ಕೋರ್ಟು, ತೀರ್ಪಿನ ಮಾತು ಏನು, ಎಲ್ಲ.

"ಅಕ್ಕ, ನೀನೇ ಬಂದು ಓದಿ ಬರ್ಕೊಡು. ಅವ್ವ ಕಲ್ಗಾದ್ರೆ ಕೊಡ್ತೀನಿ ಅಂದವ್ಳೆ" ಅಂತ ಶಿವಮಲ್ಲು ಫೋನು ಮಾಡಿದ.

ಬಸ್ಸು ಹತ್ತಿ ಹೋದೆ. ಭೂತಗನ್ನಡಿ ತಗೊಂಡೆ, ಮಗಳ ಹಳೇ ಬಣ್ಣದ ಬ್ರಷ್ಷು ತಗೊಂಡೆ, ಕೈ ಎರಡು ಸಲ ತೊಳೆದೆ. ಅತ್ತೆ ಅಂಡೆ ಇಳಿಸಿ ಮಡಿಲಲ್ಲಿಟ್ಟುಕೊಂಡು ಬಿರಡೆ ತೆಗೆದಳು. ಕಾಗದ ಟೀ ಬಣ್ಣಕ್ಕೆ ತಿರುಗಿತ್ತು, ಆದರೆ ಒಂದು ತೂತಿಲ್ಲ. ನಮ್ಮ ರೆಕಾರ್ಡ್ ರೂಮಿನಲ್ಲಿ ಇದರ ಅರ್ಧ ವಯಸ್ಸಿನ ಕಡತಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ನನಗೆ ಕಣ್ಣು ತುಂಬಿ ಬಂತು.

ಕೋರ್ಟಿನವರಿಗೆ ಒಂದು ಚಾಳಿ ಇರುತ್ತದೆ. ಯಾವ ಕಡತ ಕೈಗೆ ಕೊಟ್ಟರೂ ಮೊದಲು ನೋಡುವುದು ಕೊನೇ ಹಾಳೆ. ನಾನೂ ಅದನ್ನೇ ಮಾಡಿದೆ. ಮೊಹರಿನ ಸುತ್ತ ವರ್ಷ ವರ್ಷದ ಕುಂಕುಮ ಹೆಪ್ಪುಗಟ್ಟಿ, ಅದರಡಿಯ ಸಾಲು ಮುಚ್ಚಿಹೋಗಿತ್ತು. ಬ್ರಷ್ಷಿನಲ್ಲಿ ಮೆಲ್ಲಗೆ ಸರಿಸಿದೆ. ಒಂದೊಂದೇ ಪದ ಎದ್ದು ಬಂತು. "ವಾದಿಯ ದಾವೆಯನ್ನು ಖರ್ಚು ಸಮೇತ ವಜಾ ಮಾಡಲಾಗಿದೆ."

ಇನ್ನೊಮ್ಮೆ ಓದಿದೆ. ವಜಾ ಅನ್ನುವ ಪದವನ್ನು ನಾನು ಜೀವಮಾನದಲ್ಲಿ ಎಷ್ಟು ಬರೆದಿದ್ದೇನೆ ಅಂದರೆ ನಿದ್ದೆಯಲ್ಲೂ ಗುರುತು ಹಿಡಿಯಬಲ್ಲೆ.

"ಏನಂತವ್ವ?" ಅಂದಳು ಅತ್ತೆ. ಮುಖ ಮದುವೆಮನೆಯ ಹಾಗಿತ್ತು.

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಅತ್ತೆ, ದಾವೆ ಬಿದ್ದೋಗಿದೆ" ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಳಲಿಲ್ಲ, ಸಿಟ್ಟಾದಳು. "ನಿನ್ನ ಅಷ್ಟು ಓದ್ಸಿದ್ದು ಇದ್ನ ಏಳಕಾ? ಸೋತಿದ್ರೆ ಯಾರ್ ಮಡಗ್ತಿದ್ರು ಇದ್ನ? ಒಲೆಗೆ ಆಕ್ತಿರ್ಲಿಲ್ವ? ಈ ನಕಲು ಬರ್ದಿರೋನು ತಪ್ಪು ಬರ್ದವ್ನೆ."

ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಇಡೀ ನಕಲು ವಿಭಾಗದ ಮರ್ಯಾದೆ ನನ್ನ ತಲೆ ಮೇಲೆ ಬಂದು ಕೂತಿತು. "ನಕಲು ಮಾಡಿದವರ ಸಹಿ ಇದೆ, ತಾಳೆ ನೋಡಿದವರ ಸಹಿ ಇದೆ, ನಾವು ತಪ್ಪು ಬರೆಯೋರಲ್ಲ ಅತ್ತೆ" ಅಂದೆ, ನೂರು ವರ್ಷದ ಹಿಂದಿನ ಗುಮಾಸ್ತ ನನ್ನ ಸ್ವಂತ ಅಣ್ಣನೇನೋ ಅನ್ನುವ ಹಾಗೆ. ಅತ್ತೆ ಕಾಗದ ಕಿತ್ತುಕೊಂಡು ಸುತ್ತಿ ಅಂಡೆಗೆ ತುರುಕಿದಳು. ಉಳಿದ ಹಾಳೆಗಳನ್ನು ನೋಡಲೂ ಬಿಡಲಿಲ್ಲ. ಊಟಕ್ಕೂ ಏಳು ಅನ್ನಲಿಲ್ಲ. ನಮ್ಮ ಕೇರಿಯಲ್ಲಿ ಊಟಕ್ಕೆ ಏಳು ಅನ್ನದೆ ಕಳಿಸುವುದು ಎಂದರೆ ಏನು ಅಂತ ಬಲ್ಲವರು ಬಲ್ಲರು.

ಬಸ್ ಸ್ಟಾಪಿನವರೆಗೂ ಶಿವಮಲ್ಲು ಸ್ಕೂಟರಿನಲ್ಲಿ ಬಿಟ್ಟ. ಅವನ ಮುಖವೂ ಬಾಡಿತ್ತು. ಬಸ್ಸು ಕಂಡಾಗ ಮೆಲ್ಲಗೆ ಅಂದ, "ಅಕ್ಕ, ಯಾರು ಈ ಬರವಣಿಗೆ ಓದಾರು? ಗೆದ್ದ ಅಂತಲೇ ಆಕ್ಸುವ. ಅವ್ವ ಇರೋಗಂಟ ಇರ್ಲಿ. ಆಗ್ಲೇ ಸೀರೆ ತಂದ್ಬುಟ್ಟವ್ಳೆ."

ಅವನದು ಕೆಟ್ಟ ಬುದ್ಧಿಯಲ್ಲ, ಹೆತ್ತವಳ ಮೇಲಿನ ಕರುಳು. ನನಗೂ ಹೂಂ ಅನ್ನುವ ಆಸೆ ಬಾಯಿವರೆಗೂ ಬಂದಿತ್ತು. ಆದರೆ ಜೀವಮಾನವಿಡೀ ಅಸಲಿಗೆ ಸರಿಯಾದ ನಕಲು ಅಂತ ಸಹಿ ಹಾಕಿದ ಕೈ ಇದು. ಊರವರದ್ದನ್ನೆಲ್ಲ ಸರಿಯಾಗಿ ಬರೆದು, ನಮ್ಮಜ್ಜನದ್ದನ್ನೇ ಸುಳ್ಳು ಬರೆಯಲೇ? "ಕಲ್ಲೇ ಬೇಡ ಅನ್ನು ಬೇಕಾದ್ರೆ, ಸುಳ್ಳು ಮಾತ್ರ ನನ್ನಿಂದ ಬರೆಸಬೇಡ" ಅಂದೆ. ಅವನು ಗಾಡಿ ತಿರುಗಿಸಿದ.

ಆ ವಾರ ಮನೆಯಲ್ಲಿ ನನಗೆ ಯಾವುದೂ ರುಚಿಸಲಿಲ್ಲ. ಅತ್ತೆ ನನ್ನನ್ನು ಎತ್ತಿ ಆಡಿಸಿದವಳು. ನಾನು ಎಸೆಸೆಲ್ಸಿ ಪಾಸಾದಾಗ ಮೂಗೂರಿನ ನೆಂಟರವರೆಗೂ ಹೋಗಿ ಹೇಳಿಬಂದವಳು. ಅವಳ ಬಾಳಿನ ಒಂದೇ ಒಂದು ಜಂಬವನ್ನು ನನ್ನ ಓದು ಕಿತ್ತುಕೊಂಡಿತಲ್ಲ ಅಂತ ಸಂಕಟ. ಇನ್ನೊಂದು ಕಡೆ, ಸೋತವನು ಯಾಕೆ ಮತ್ತೆ ನಂಜನಗೂಡಿಗೆ ನಡೆದು, ಅರ್ಜಿ ಕೊಟ್ಟು, ಸೋಲಿನ ನಕಲು ತಂದ ಅನ್ನುವುದು ತಲೆ ತಿನ್ನುತ್ತಿತ್ತು. ಗೆದ್ದವರು ನಕಲಿಗೆ ಓಡಿ ಬರುವುದನ್ನು ನೋಡಿದ್ದೇನೆ. ಸೋತವರು ಬಂದರೆ ಮೇಲಿನ ಕೋರ್ಟಿಗೆ ಹೋಗಲು. ಮನೆಯಲ್ಲಿ ಇಟ್ಟುಕೊಳ್ಳಲು ಅಂತ ಯಾರೂ ನನ್ನ ಟೇಬಲ್ಲಿಗೆ ಬಂದ ನೆನಪಿಲ್ಲ.

ಒಂದು ಬೆಳಗ್ಗೆ ಫೋನು. ಅತ್ತೆಯೇ.

"ನೀನು ಕೊನೇದು ಓದ್ದೆ ಕಣವ್ವ. ಅಷ್ಟ್ ದಪ್ಪ ಸುರ್ಳಿ ಅದಲ್ಲ, ಮೊದ್ಲು ಏನದೆ?"

"ಅಜ್ಜನ ಹೇಳಿಕೆ ಇರಬೇಕು ಅತ್ತೆ. ಕೋರ್ಟಲ್ಲಿ ಅವನು ಏನೇನು ಹೇಳಿದ ಅಂತ."

ಅತ್ತೆ ಮುಂದುವರಿಸಿದಳು. "ನಮ್ಮಜ್ಜ ನನ್ನ ತೊಡೆ ಮೇಲೆ ಕೂರುಸ್ಕೊಂಡು ಅಂಡೆ ತೋರುಸ್ತಿದ್ದ. ಗೆದ್ದೆ ಅಂತ ಒಂದಿನಾನು ಅನ್ಲಿಲ್ಲ. ಅಂದೋರು ನಾವೇ. ಬಾ, ಅವ್ನು ಏನಂದ ಅಂತ ಓದು."

ಹೋದೆ. ಅತ್ತೆ ಜಗಲಿಯ ಮೇಲೆ ಚಾಪೆ ಹಾಕಿ, ಅದರ ಮೇಲೆ ತನ್ನ ಹೊಸ ಸೀರೆಯನ್ನೇ ಮಡಿಕೆ ಬಿಚ್ಚದೆ ಹಾಸಿದ್ದಳು, ಕಾಗದ ಇಡಲು. ಬಿಸಿಲು ಚೆನ್ನಾಗಿತ್ತು. ಅಕ್ಕಪಕ್ಕದವರು ಒಬ್ಬೊಬ್ಬರೇ ಬಂದು ಕೂತರು. ಶಿವಮಲ್ಲು ರಜೆ ಹಾಕಿದ್ದ. ತಾಳೆ ನೋಡುವ ಅಭ್ಯಾಸದಲ್ಲಿ ನಾನು ಗಟ್ಟಿಯಾಗಿ ಓದತೊಡಗಿದೆ. ಎದುರು ಪಕ್ಷದ ವಕೀಲರು ಕೇಳಿದ್ದು, ಅಜ್ಜ ಹೇಳಿದ್ದು, ಒಂದರ ಕೆಳಗೊಂದು ಇತ್ತು.

ಬಾವಿ ತೋಡಿದವರು ಯಾರು? ನಾವು. ಕೂಲಿಗೆ ತೋಡಿದಿರಾ? ಬಿಟ್ಟಿಗೆ. ಊರಿನ ಮಾಮೂಲು ಪದ್ಧತಿ ನಿನಗೆ ಗೊತ್ತಿಲ್ಲವೆ? ಗೊತ್ತಿದೆ. ನಿನ್ನ ತಂದೆ ಆ ಬಾವಿಯಲ್ಲಿ ಎಂದಾದರೂ ನೀರು ಸೇದಿದ್ದನೆ? ಇಲ್ಲ, ಅವರು ಬಾವಿ ತೋಡುವಾಗ ಮಣ್ಣು ಕುಸಿದು ತೀರಿಕೊಂಡರು.

ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಸೆರಗು ಬಾಯಿಗೆ ಹಿಡಿದಳು. ನಾನು ನಿಲ್ಲಿಸಿದೆ. "ಓದು" ಅಂದಳು.

ಆ ವಕೀಲರು ಬಿಟ್ಟಿರಲಿಲ್ಲ. ತಿರುಗಿಸಿ ತಿರುಗಿಸಿ ಒಂದನ್ನೇ ಕೇಳಿದ್ದರು. ಇಂಥವನು ತಾನಾಗಿ ಕೋರ್ಟಿಗೆ ಬರುವುದುಂಟೆ, ಹಿಂದೆ ಯಾರೋ ಇರಬೇಕು ಅನ್ನುವುದು ಅವರ ಗುಮಾನಿ. ಈ ದಾವೆ ಹೂಡೆಂದು ನಿನಗೆ ಹೇಳಿಕೊಟ್ಟವರು ಯಾರು? ಅಜ್ಜನ ಉತ್ತರ ಅದರ ಕೆಳಗಿತ್ತು. ಬರೆದುಕೊಂಡ ಗುಮಾಸ್ತರು ಬೇರೆಲ್ಲ ಮಾತನ್ನೂ ಕೋರ್ಟಿನ ಭಾಷೆಗೆ ತಿರುಗಿಸಿದ್ದರು, ಇದೊಂದನ್ನು ಮಾತ್ರ ಅವನು ಆಡಿದ ಹಾಗೇ ಬಿಟ್ಟಿದ್ದರು. ನೀರು ಕುಡಿದು ಓದಿದೆ.

ಅತ್ತೆ ಇನ್ನೊಂದು ಸಲ ಓದಿಸಿದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು, "ಇಷ್ಟ್ ವರ್ಸ ಕೋರ್ಟಲ್ಲಿದ್ದವಳು ನೀನೇ ಏಳವ್ವ. ಇದು ಸೋತೋನ ಮಾತಾ?"

"ಅಲ್ಲ ಅತ್ತೆ" ಅಂದೆ. ಅಷ್ಟು ಹೆಮ್ಮೆಯಿಂದ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿದ್ದಿಲ್ಲ.

ಕಲ್ಲಿಗೆ ಕೊಡಬೇಕಾದ್ದನ್ನು ಅಲ್ಲೇ ಕೂತು ನನ್ನ ಕೈಯಲ್ಲೇ ಬರೆದೆ, ಶಿವಮಲ್ಲು ತಾಳೆ ನೋಡಿದ. ನೀವು ಆ ಕಡೆ ಹೋದರೆ ಭವನದ ಬಾಗಿಲ ಬಲಗಡೆ ನೋಡಿ. ಗೆದ್ದ ಅಂತಲೂ ಇಲ್ಲ, ಸೋತ ಅಂತಲೂ ಇಲ್ಲ. ಮೇಲೆ ಕೆಂಪಯ್ಯ, ವಾದಿ ಅಂತಿದೆ. ಅದರ ಕೆಳಗೆ ಅಜ್ಜನ ಉತ್ತರ.

"ಯಾರೂ ಏಳ್ಕೊಡ್ಲಿಲ್ಲ ಸ್ವಾಮಿ. ಬಾಯಾರ್ತಿತ್ತು, ಬಂದೆ."